ತೊಳೆಯದೆ ಉಳಿದ ಕೊಳವೆ

ಹರಳು ಬೆಳೆಸುವವರಿಗೆ ಮೊದಲು ಬೇಕಾದದ್ದು ಕಾಯುವ ಗುಣ. ಕೊನ್ಸೋಲ್ ರಿಪೋಲ್‌ಗೆ ಅದು ಹುಟ್ಟಿನಿಂದಲೇ ಬಂದಿತ್ತು. ವಲೆನ್ಸಿಯಾ ನಗರದ ಉತ್ತರಕ್ಕಿರುವ ಅಲ್ಬೊರಾಯಾದಲ್ಲಿ ಅವಳ ತಾಯಿ ಅರೆದು ಹಾಲು ತೆಗೆಯುವ ಚೂಫಾ ಗಡ್ಡೆಗಳನ್ನು ತೊಟ್ಟಿಯಲ್ಲಿ ತೊಳೆಯುವ ಕೆಲಸ ಮಾಡುತ್ತಿದ್ದಳು. ಹತ್ತು ನೀರಿನಲ್ಲಿ ತೊಳೆದರೂ ಮಣ್ಣು ಬಿಡದ ಗಡ್ಡೆ ಅದು. ಮಗಳು ಪಕ್ಕದಲ್ಲಿ ಕುಳಿತು ಹನ್ನೊಂದನೆಯ ನೀರಿಗೆ ಕಾಯುತ್ತಿದ್ದಳು.

ಇಪ್ಪತ್ತೆರಡಕ್ಕೆ ಅವಳು ನಗರದ ಅಂಚಿನ ಸಂಶೋಧನಾ ಸಂಸ್ಥೆಗೆ ಸಹಾಯಕಿಯಾಗಿ ಸೇರಿದಳು. ಅವಳಿಗೆ ನಲವತ್ತಾರಾದಾಗ ಅಲ್ಲಿ ಡಾಕ್ಟರ್ ಅನ್ಸೆಲ್ಮ್ ಬೊರ್ರಾಸ್ ಕಬ್ಬಿಣದ ಲವಣಗಳಿಂದ ಒಂದು ವಿಚಿತ್ರ ಪದಾರ್ಥ ಮಾಡಿಸತೊಡಗಿದರು. ಒಳಗೆಲ್ಲ ಜೇನುಗೂಡಿನಂತೆ ಕಣ್ಣಿಗೆ ಕಾಣದ ತೂತುಗಳು, ತೂತಿನ ಗೋಡೆಗಳಲ್ಲಿ ಕಬ್ಬಿಣದ ಪರಮಾಣುಗಳು. ತೂತುಗಳಿಗೆ ನೀರಿನ ಆವಿ ಹೊಕ್ಕರೆ ಪದಾರ್ಥ ಹಳದಿಯಾಗಿ ಅಯಸ್ಕಾಂತದ ಸೆಳೆತಕ್ಕೆ ಓಗೊಡುತ್ತಿತ್ತು. ಒಣಗಿದರೆ ಕೆಂಪಾಗಿ ಸುಮ್ಮನಾಗುತ್ತಿತ್ತು. ಆದರೆ ಸಿಗುತ್ತಿದ್ದದ್ದು ಬರೀ ಪುಡಿ. ಒಳಗಿನ ಜೋಡಣೆಯನ್ನು ಎಕ್ಸ್‌-ರೇಯಲ್ಲಿ ಕಾಣಬೇಕಾದರೆ ಒಂಟಿ ಹರಳೇ ಆಗಬೇಕು. ನಾಲ್ಕು ವರ್ಷ ಬಡಿದಾಡಿದರೂ ಹರಳು ಬರಲಿಲ್ಲ.

ಕೊನ್ಸೋಲ್‌ಳ ಕೆಲಸ ಎರಡು ಕಾಲಿನ ಗಾಜಿನ ಕೊಳವೆಗಳಲ್ಲಿ. ಒಂದು ಕಾಲಿಗೆ ಕಬ್ಬಿಣದ ಲವಣ, ಇನ್ನೊಂದಕ್ಕೆ ಅದರೊಡನೆ ಕೂಡಬೇಕಾದ ಜೋಡಿ ರಾಸಾಯನಿಕ, ಮೇಲೆ ಮೆಥನಾಲ್ ದ್ರವ ತುಂಬಿ ಅಲುಗಾಡಿಸದೆ ಇಡುವುದು. ಎರಡೂ ವಾರಗಟ್ಟಲೆ ತೆವಳಿ ನಡುದಾರಿಯಲ್ಲಿ ಸಂಧಿಸುತ್ತವೆ. ಅವಳಿಗೆ ಐವತ್ತು ತುಂಬಿದ ವರ್ಷ ಮಾರ್ಚಿನಲ್ಲಿ, ಊರೆಲ್ಲ ಫಾಯಾಸ್ ಹಬ್ಬದ ಪಟಾಕಿಯ ಹೊಗೆಯಲ್ಲಿದ್ದಾಗ, ಒಂದು ಹಳೆಯ ಕೊಳವೆಯನ್ನು ನಿಯಮದಂತೆ ಆಮ್ಲದಲ್ಲಿ ಅದ್ದದೆ ಬರೀ ಮೆಥನಾಲಿನಲ್ಲಿ ಜಾಲಾಡಿಸಿ ತುಂಬಿಟ್ಟು ತಿಂಗಳ ರಜೆಗೆ ಹೋದಳು. ಬಂದು ನೋಡಿದರೆ ರವೆಯ ಕಾಳಿನಷ್ಟು ದಪ್ಪದ, ಅಂಚು ಮುರಿಯದ ಹರಳುಗಳು.

ಎಕ್ಸ್‌-ರೇ ಯಂತ್ರ ನೋಡಿಕೊಳ್ಳುತ್ತಿದ್ದ ಬತಿಸ್ತೆ ಅವಳ ಹಳೆಯ ಗೆಳೆಯ. ಹರಳನ್ನು ಸೂಜಿಯ ತುದಿಗೆ ಅಂಟಿಸಿ ಯಂತ್ರಕ್ಕಿಟ್ಟವನು ಸಂಜೆ ಓಡಿಬಂದ. "ಬಂತು ಕಣೇ. ಒಳಗಿನ ಒಂದೊಂದು ಇಟ್ಟಿಗೆನೂ ಕಾಣ್ತಾ ಇದೆ."

ಗುಟ್ಟು ಏನೆಂದು ಕೊನ್ಸೋಲ್ ಎರಡು ತಿಂಗಳು ಪರೀಕ್ಷಿಸಿ ಕಂಡುಕೊಂಡಳು. ಆ ಗಾಜಿನ ಗೀರುಗಳಲ್ಲಿ ಹಿಂದಿನ ಸಲದ ಕಣಗಳು ಕಣ್ಣಿಗೆ ಕಾಣದಷ್ಟು ಉಳಿದಿದ್ದವು. ಅವೇ ಬೀಜ. ಆ ಕೊಳವೆಯಿಂದ ಹನಿ ತೆಗೆದು ಇನ್ನೂ ಹನ್ನೊಂದು ಕೊಳವೆಗಳಿಗೆ ಬಿತ್ತಿದಳು; ಹನ್ನೆರಡರಲ್ಲೂ ಹರಳು ಬಂತು. ಎಲ್ಲವನ್ನೂ ಪ್ರಯೋಗಾಲಯದ ದಿನಚರಿ ಪುಸ್ತಕದಲ್ಲಿ ಬರೆದಿಟ್ಟಳು. ಬೊರ್ರಾಸರ ಅಚ್ಚುಮೆಚ್ಚಿನ ಶಿಷ್ಯ ಗಿಯೆಮ್‌ಗೂ ಹೇಳಿದಳು.

ಗಿಯೆಮ್ ನಕ್ಕುಬಿಟ್ಟ. "ಗಾಜಿಗೆ ನೆನಪಿರತ್ತೇನ್ರೀ? ಅದು ಹವಾಮಾನದ ಗುಣ, ಬಿಡಿ."

ಮುಂದಿನ ಚಳಿಗಾಲದಲ್ಲಿ ಪ್ರಬಂಧ ಅಚ್ಚಾಯಿತು. ಬೊರ್ರಾಸ್, ಗಿಯೆಮ್, ಬತಿಸ್ತೆ, ಜೊತೆಗೆ ಹರಳನ್ನು ಕಣ್ಣಲ್ಲೂ ಕಂಡಿರದ ಇನ್ನು ನಾಲ್ವರ ಹೆಸರು. ಕೊನ್ಸೋಲ್‌ಳ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ಬೆಳಗಿನ ಹತ್ತೂವರೆಗೆ ಎಲ್ಲರೂ ಎದುರಿನ ಬಾರಿನಲ್ಲಿ ಆಮ್ಲೆಟ್ ಬ್ರೆಡ್ಡು, ಕಡಲೆಕಾಯಿ, ಆಲಿವ್ ಹರವಿಕೊಂಡು ಕೂತಿದ್ದಾಗ ಅವಳು ಕೇಳಿಯೇ ಬಿಟ್ಟಳು.

"ಡಾಕ್ಟ್ರೇ, ನನ್ನ ಹೆಸರು ಬಿಟ್ಟುಹೋಗಿದೆ."

ಬೊರ್ರಾಸ್ ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. "ಬಿಟ್ಟುಹೋಗಿಲ್ಲ ಕೊನ್ಸೋಲ್. ಯೋಚನೆ ಮಾಡಿದೋರ ಹೆಸರು ಹಾಕೋದು. ಗಾಜು ತೊಳೆದೋರ ಹೆಸರು ಹಾಕೋಕೆ ಹೋದ್ರೆ ನೆಲ ಒರೆಸೋರ್ದೂ ಹಾಕ್ಬೇಕಾಗತ್ತೆ."

ಮೇಜಿನ ಸುತ್ತ ನಗು ಎದ್ದಿತು. ಬತಿಸ್ತೆ ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಕಡಲೆಕಾಯಿ ಸುಲಿಯುತ್ತಾ ಕೂತಿದ್ದ.

"ಅಂದಹಾಗೆ," ಬೊರ್ರಾಸ್ ಮುಂದುವರಿಸಿದರು, "ತೊಳೆಯೋದನ್ನಾದ್ರೂ ನೆಟ್ಟಗೆ ತೊಳಿ. ನಿನ್ನ ಕೊಳವೆಗಳಲ್ಲಿ ಕಲೆ ಇರತ್ತಂತೆ, ಗಿಯೆಮ್ ಹೇಳ್ತಿದ್ದ. ಎಲ್ಲಾನೂ ಆಮ್ಲದಲ್ಲಿ ಅದ್ದಿ ತೊಳಿ. ನಿಯಮ ಇರೋದು ಯಾತಕ್ಕೆ?"

ಕೊನ್ಸೋಲ್ ಬೊರ್ರಾಸರ ಮುಖವನ್ನೇ ನೋಡಿದಳು. ದನಿ ಏರಿಸಲಿಲ್ಲ. "ಅದನ್ನ ಬರೆದು ಕೊಡಿ ಡಾಕ್ಟ್ರೇ. ವಯಸ್ಸಾಯ್ತು, ಮರೆತುಹೋಗತ್ತೆ."

ಬರೆದು, ಸಹಿ ಮಾಡಿ ಕೊಟ್ಟರು.

ಅವತ್ತೇ ಮಧ್ಯಾಹ್ನ ಅವಳು ರಬ್ಬರಿನ ಕೈಗವಸು ಹಾಕಿಕೊಂಡು ತೊಳೆಯಲು ನಿಂತಳು. ಹನ್ನೊಂದು ಕೊಳವೆಗಳನ್ನು ಆಮ್ಲದಲ್ಲಿ ಅದ್ದಿದಳು, ಶುದ್ಧ ನೀರಿನಲ್ಲಿ ಹತ್ತು ಸಲ ತೊಳೆದಳು, ಹನ್ನೊಂದನೆಯ ಸಲವೂ ತೊಳೆದಳು, ಒಲೆಯಲ್ಲಿ ಒಣಗಿಸಿದಳು. ಒಂದೊಂದು ಕೊಳವೆ ಮುಗಿದಾಗಲೂ ಅವಳಿಗೆ ಎದೆ ಹಗುರಾಗುತ್ತಿತ್ತು. ಹನ್ನೆರಡನೆಯದನ್ನು, ಮೊದಲು ಹರಳು ಕೊಟ್ಟ ಆ ಹಳೆಯದನ್ನು, ಟವೆಲಿನಲ್ಲಿ ಸುತ್ತಿ ಊಟದ ಚೀಲದಲ್ಲಿಟ್ಟು ಮನೆಗೆ ತಂದಳು.

ಹರಳು ಬಿತ್ತಿ ಹರಳು ಬೆಳೆಯುವ ವಿದ್ಯೆ ರಸಾಯನದವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಬೀಜ ಬೇಕಾಗಿತ್ತು ಎಂಬುದೇ ಗಿಯೆಮ್‌ನ ತಲೆಗೆ ಹೋಗಿರಲಿಲ್ಲ. ಇದ್ದ ಹರಳುಗಳನ್ನೆಲ್ಲ ಅಳತೆಗೆಂದು ಅರೆದು ಮುಗಿಸಿದ್ದರು. ವಸಂತದ ಹೊತ್ತಿಗೆ ಹೊಸ ಹರಳು ಬೇಕಾಯಿತು, ಬರಲಿಲ್ಲ. ಗಿಯೆಮ್ ಮೆಥನಾಲ್ ಬದಲಿಸಿದ, ಲವಣ ಬದಲಿಸಿದ, ತಂಪುಯಂತ್ರದ ಅದುರಾಟ ಎಂದ, ನೆಲಮಾಳಿಗೆಗೆ ಸಾಗಿಸಿದ. ಕೊಳವೆಯ ತಳದಲ್ಲಿ ಅದೇ ಪುಡಿ. ಜಪಾನಿನಿಂದ ಒಂದು, ಜರ್ಮನಿಯಿಂದ ಎರಡು ಪತ್ರ ಬಂದವು: ನೀವು ಬರೆದಂತೆಯೇ ಮಾಡಿದೆವು, ನಮಗೆ ಹರಳು ಬರುತ್ತಿಲ್ಲ.

ಪ್ರತಿ ಬೆಳಿಗ್ಗೆ ಕೊನ್ಸೋಲ್ ತೊಳೆದ ಕೊಳವೆಗಳನ್ನು ತಟ್ಟೆಯಲ್ಲಿ ಜೋಡಿಸಿ ಗಿಯೆಮ್‌ನ ಮುಂದಿಡುತ್ತಿದ್ದಳು. "ನೋಡಿ, ಎಲ್ಲಾದ್ರೂ ಕಲೆ ಇದೆಯಾ?" ಎಂದು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟುತ್ತಾ ಬಂತು. ಅವಳು ಮಾತ್ರ ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ಹಸಿದು ಊಟ ಮಾಡುತ್ತಿದ್ದಳು.

ಬತಿಸ್ತೆಗೆ ವಾಸನೆ ಹತ್ತಿತು. ಬಾರಿನಲ್ಲಿ ಅವಳ ಎದುರು ಬಂದು ಕೂತ.

"ನಿಂಗೆ ಗೊತ್ತಿದೆ."

"ನಂಗೇನು ಗೊತ್ತು? ನೆಲ ಒರೆಸೋರ ಪಕ್ಕದೋಳು ನಾನು."

"ಆಟ ಬೇಡ ಕಣೇ. ಇದು ನಿಂತ್ರೆ ನನ್ನ ಕೆಲಸವೂ ನಿಲ್ಲತ್ತೆ. ನಾನು ಗುತ್ತಿಗೆ ಮೇಲಿರೋನು."

"ಅವತ್ತು ಇದೇ ಮೇಜಲ್ಲಿ ಕೂತಿದ್ದೆಯಲ್ಲ. ಒಂದು ಮಾತು ಆಡಿದ್ಯಾ?"

ಅವನು ಕಾಫಿ ಅರ್ಧ ಬಿಟ್ಟು ಎದ್ದುಹೋದ. ಅವಳು ಕರೆಯಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಬೊರ್ರಾಸ್ ಖುದ್ದಾಗಿ ಅಲ್ಬೊರಾಯಾದ ಮನೆಗೆ ಬಂದರು. ಮುದುಕಿ ತಾಯಿ ತಣ್ಣನೆಯ ಚೂಫಾ ಹಾಲು ತಂದಿಟ್ಟು ಒಳಗೆ ಹೋದಳು.

"ಕೊನ್ಸೋಲ್, ಮುಂದಿನ ತಿಂಗಳು ಯೋಜನೆಗೆ ಹಣ ಕೊಟ್ಟೋರ ಪರಿಶೀಲಕರು ಬರ್ತಾರೆ. ನೀನು ಏನೋ ಮಾಡ್ತಿದ್ದೆ. ಏನು ಅಂತ ಹೇಳು."

"ಹೇಳ್ತೀನಿ. ಪತ್ರಿಕೆಗೆ ತಿದ್ದುಪಡಿ ಬರೀರಿ, ನನ್ನ ಹೆಸರು ಮೊದಲು ಬರ್ಲಿ. ಆಮೇಲೆ ಆ ಬಾರಲ್ಲಿ, ಅವರೆಲ್ಲರ ಎದುರಿಗೇ, ಹರಳು ತಂದೋಳು ಕೊನ್ಸೋಲ್ ಅಂತ ಹೇಳಿ."

"ಮೂರನೇ ಹೆಸರು ಹಾಕೋಣ."

"ಮೊದಲ್ನೇದು."

"ನನ್ನ ಹುಡುಗರ ಮುಂದೆ ನಾನು ತಲೆ ತಗ್ಗಿಸ್ಬೇಕು ಅಂತೀಯಾ?"

"ಹೂಂ. ಅಷ್ಟೇ."

ಬೊರ್ರಾಸ್ ಲೋಟವನ್ನು ಮುಟ್ಟದೆ ಎದ್ದರು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲಿ ನಿಂತಿದ್ದಳು. ಒಪ್ಪಿಬಿಡುತ್ತಾರೇನೋ ಎಂದು ಒಳಗೊಳಗೇ ಹೆದರಿದ್ದಳು. ಒಪ್ಪದೆ ಹೋದದ್ದು ಅವಳಿಗೆ ಹಬ್ಬವಾಯಿತು.

ಸೋಮವಾರವೇ ರಜೆ ಹಾಕಿ, ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಜರಗೋಜಾದ ರೈಲು ಹತ್ತಿದಳು. ಅಲ್ಲಿ ಎಂಗ್ರಾಸಿಯಾ ಲಾನುಸಾ ಎಂಬ ವಿಜ್ಞಾನಿ ಇದ್ದಳು. ಬೊರ್ರಾಸರಿಗೂ ಆಕೆಗೂ ಇಪ್ಪತ್ತು ವರ್ಷದಿಂದ ಎಣ್ಣೆ ಸೀಗೇಕಾಯಿ. ಆಕೆ ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಕೊಳವೆಯನ್ನು ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಹೆಸರು ಹೇಗೆ ಬರೀಬೇಕು?"

"ಕೊನ್ಸೋಲ್ ರಿಪೋಲ್. ಮೊದಲು."

"ಇನ್ನೆಲ್ಲಿ ಬರೀತಾರೆ?"

ಆರು ವಾರಕ್ಕೆ ಹರಳು ಬಂತು. ಅತ್ತ ಪರಿಶೀಲಕರ ಮುಂದೆ ಬೊರ್ರಾಸರ ಮೇಜಿನ ಮೇಲೆ ಪುಡಿಯ ಹೊರತು ಏನೂ ಇರಲಿಲ್ಲ. ಹರಳನ್ನು ಕಟ್ಟುಕಥೆ ಎಂದೇ ಶಂಕಿಸಿ ಸಂಸ್ಥೆ ವಿಚಾರಣೆಗೆ ಕೂತಿತು. ಕೊನ್ಸೋಲ್‌ಳನ್ನೂ ಕರೆದರು. ಅವಳು ದಿನಚರಿ ಪುಸ್ತಕ, ಬೊರ್ರಾಸರ ಸಹಿಯ ಕಾಗದ ಎರಡನ್ನೂ ಇಟ್ಟಳು.

"ಹರಳು ನಿಜ," ಎಂದಳು. "ಹೇಗೆ ಬರತ್ತೆ ಅಂತ ಇಲ್ಲಿ ಬರೆದಿದ್ದೆ, ಯಾರೂ ಓದ್ಲಿಲ್ಲ. ಬೀಜ ತೊಳೆದುಹಾಕು ಅಂತ ಇದರಲ್ಲಿ ಬರೆದುಕೊಟ್ರು, ತೊಳೆದೆ."

ಬರೆದ ವಿಧಾನ ಅರೆಬರೆ, ಮಾಡಿದವಳ ಹೆಸರೂ ಇಲ್ಲ ಎಂದು ಪ್ರಬಂಧವನ್ನು ಹಿಂತೆಗೆದುಕೊಂಡರು. ಯೋಜನೆ ಮುಚ್ಚಿತು. ಬೊರ್ರಾಸ್ ಅವಧಿಗೆ ಮೊದಲೇ ನಿವೃತ್ತಿ ಪಡೆದರು, ಗಿಯೆಮ್ ಬೆಟ್ಟದ ಊರೊಂದರ ಶಾಲೆಗೆ ಮೇಷ್ಟ್ರಾಗಿ ಹೋದ. ಕೊನ್ಸೋಲ್ ವಾರವಾರ ಜರಗೋಜಾಕ್ಕೆ ಹೋಗಿ ಲಾನುಸಾಳ ಪ್ರಯೋಗಾಲಯದಲ್ಲಿ ಹರಳು ಬೆಳೆಸತೊಡಗಿದಳು. ಜರಗೋಜಾದ ಪ್ರಬಂಧ ಅಚ್ಚಾದ ದಿನ ಕೊನ್ಸೋಲ್ ಅದರ ಒಂದು ಪ್ರತಿಯನ್ನು ಬೊರ್ರಾಸರ ಮನೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. ತಲುಪಿದ ರಸೀದಿಯಲ್ಲಿ ಅವರದೇ ಸಹಿ ಇತ್ತು.

ಸೇಡು ತೀರಿದ ಮೇಲೆ ಮನಸ್ಸು ಬರಿದಾಗುತ್ತದೆ ಎನ್ನುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ. ವರ್ಷ ಕಳೆದರೂ ನೆನೆದಾಗಲೆಲ್ಲ ಬಾಯಿ ಸಿಹಿಯಾಗುತ್ತಿತ್ತು. ಒಂದೇ ಕಡೆ ಮುಳ್ಳು ಉಳಿಯಿತು. ಗುತ್ತಿಗೆ ಕಳೆದುಕೊಂಡ ಬತಿಸ್ತೆ ಕಾಸ್ತೆಯೋದ ಹೆಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದ. ಲಾನುಸಾಳಿಗೆ ಹೇಳಿ ಅವನಿಗೊಂದು ಕೆಲಸ ಮಾಡಿಸಿ ಅವಳು ಫೋನ್ ಮಾಡಿದಳು.

"ಬೇಡ," ಎಂದ ಅವನು. "ಅವತ್ತು ಮಾತಾಡದೇ ಇದ್ದದ್ದು ನನ್ನ ತಪ್ಪೇ. ಅದಕ್ಕೆ ಶಿಕ್ಷೆ ಆಯ್ತಲ್ಲ. ಇನ್ನು ನಿನ್ನ ಉಪಕಾರ ಬೇರೆ ಹೊರಲಾರೆ."

"ಹಾಗಲ್ಲ ಕಣೋ—"

ಅವನು ಫೋನ್ ಇಟ್ಟುಬಿಟ್ಟಿದ್ದ. ಕೊನ್ಸೋಲ್ ತಾನೂ ಫೋನ್ ಕೆಳಗಿಟ್ಟಳು. ಆಮೇಲೆ ಜರಗೋಜಾದ ರೈಲಿಗೆ ಹೊತ್ತಾಯಿತೆಂದು ಕೋಟು ಹಾಕಿಕೊಂಡಳು.