ಎರಡು ಪಟ್ಟಾ ಹೆಚ್ಚು

ಶ್ರೀಲಂಕಾದ ಮಾವನೆಲ್ಲ ಪೇಟೆಯಲ್ಲಿ ಸುಗತದಾಸನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುತ್ತಿರಲಿಲ್ಲ. ಮೈಕ್ ಸುಗತನ ಮನೆ ಎನ್ನಬೇಕಿತ್ತು. ಸಾವಿನ ಮನೆಯಿರಲಿ, ಶಾಲೆಯ ಆಟೋಟವಿರಲಿ, ಭಿಕ್ಷುಗಳಿಗೆ ದಾನ ಕೊಡುವ ಮನೆಯಿರಲಿ, ಇಪ್ಪತ್ತಾರು ವರ್ಷ ಆ ಸುತ್ತಿನಲ್ಲಿ ಮರಕ್ಕೆ ಏರಿದ್ದು ಅವನ ಹಾರ್ನುಗಳೇ. ಹಾರ್ನು, ಆಂಪ್ಲಿಫೈಯರ್, ನಾಲ್ಕು ಲಾರಿ ಬ್ಯಾಟರಿ, ಕಬ್ಬಿಣದ ಕಂಬ, ತಂತಿಯ ಸುರುಳಿ, ಎಲ್ಲವನ್ನೂ ಹೊತ್ತದ್ದು ಒಂದೇ ಗಾಡಿ: ಬಿಳಿ ಬಣ್ಣದ ಟೊಯೋಟಾ ಡಿಎಕ್ಸ್ ವ್ಯಾಗನ್.

ಇಷ್ಟು ಭಾರಕ್ಕೆ ಗಾಡಿಯ ಹಿಂಭಾಗ ಜಗ್ಗತೊಡಗಿದಾಗ ಸುಗತದಾಸ ಗುಜರಿಗೆ ಬಿದ್ದ ವ್ಯಾನೊಂದರಿಂದ ಗಾಡಿಯ ಭಾರ ಹೊರುವ ಎರಡು ಉಕ್ಕಿನ ಕಮಾನು ಪಟ್ಟಾ ತಂದು, ಹಿಂದಿನ ಎರಡೂ ಚಕ್ರಕ್ಕೆ ಒಂದೊಂದು ಹೆಚ್ಚಿಗೆ ಹಾಕಿಸಿದ. ಹಾಕಿದವನು ನೆರೆಮನೆಯ ಗ್ಯಾರೇಜಿನ ಮೇಸ್ತ್ರಿ ಹೇಮಪಾಲ ಬಾಸ್. ಅಂದಿನಿಂದ ಗಾಡಿ ಎಷ್ಟು ಹೇರಿದರೂ ಬಗ್ಗಲಿಲ್ಲ. ಚಹಾದಂಗಡಿಯಲ್ಲಿ ಕೂತು ಸುಗತದಾಸ ಅದನ್ನೇ ಹೇಳಿಕೊಂಡು ಬೀಗುತ್ತಿದ್ದ.

ಆಮೇಲೆ ಹೊಸ ಹುಡುಗರು ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಬಣ್ಣದ ದೀಪ ತಂದರು. ಸುಗತದಾಸನನ್ನು ಕರೆಯುವವರು ಕಡಿಮೆಯಾದರು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಅವನು ಹಾರ್ನುಗಳನ್ನು ಬೌದ್ಧ ವಿಹಾರಕ್ಕೆ ಕೊಟ್ಟು ಕೈ ತೊಳೆದುಕೊಂಡ. ಗಾಡಿ ಉಳಿಯಿತು. ಅದರಲ್ಲಿ ಓಡಾಡುವವರು ಅವನು ಮತ್ತು ಹೆಂಡತಿ ಬಿಸೋಮೆಣಿಕೆ, ಇಬ್ಬರೇ.

"ಸುಗತ ಅಣ್ಣಾ, ಇನ್ನು ಆ ಪಟ್ಟಾ ಬಿಚ್ಚಿಬಿಡೋಣ," ಎಂದಿದ್ದ ಹೇಮಪಾಲ. "ಭಾರ ಇದ್ದಾಗ ಸರಿ. ಖಾಲಿ ಗಾಡಿಗೆ ಅಷ್ಟು ಬಿಗಿ ಇದ್ರೆ ಚಕ್ರಕ್ಕೆ ಬಿದ್ದ ಏಟೆಲ್ಲ ಕೂತೋರ ಸೊಂಟಕ್ಕೇ ಬರುತ್ತೆ."

"ಬಿಚ್ಚಿ ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಗಟ್ಟಿಯಾಗಿದೆ, ಇರ್ಲಿ ಬಿಡು."

ಅದಾದ ಮರುವರ್ಷವೇ ಬಿಸೋ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಎರಡು ತಿಂಗಳು ಚಾಪೆ ಬಿಟ್ಟು ಏಳಲಿಲ್ಲ. ಎದ್ದಮೇಲೂ ಬೆನ್ನು ಮೊದಲಿನಂತಾಗಲಿಲ್ಲ. ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಲು ಆಗದೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒರಗಿಕೊಳ್ಳುತ್ತಿದ್ದಳು. ಅವಳ ಸೀಟಿನ ಕೆಳಗೇ ಆ ಪಟ್ಟಾಗಳು.

ಬಿಸೋಗೆ ಹೋಗಲು ಇದ್ದದ್ದು ಒಂದೇ ಊರು, ಹಸಲಕ. ತಾಯಿ ಸತ್ತಮೇಲೆ ಅವಳನ್ನು ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದ ಅಕ್ಕ ಟಿಕಿರಿಮೆಣಿಕೆ ಅಲ್ಲಿದ್ದಳು. ವರ್ಷಕ್ಕೆರಡು ಸಲ ಅಲ್ಲಿಗೆ ಪಯಣ: ಏಪ್ರಿಲ್‌ನ ಹೊಸವರ್ಷಕ್ಕೊಮ್ಮೆ, ಗದ್ದೆ ಕೊಯ್ಲಾದ ಮೇಲೊಮ್ಮೆ. ಕ್ಯಾಂಡಿ ದಾಟಿ, ಬೆಟ್ಟ ಹತ್ತಿ, ಆಮೇಲೆ ಹದಿನೆಂಟು ತಿರುವು ಇಳಿಯಬೇಕು.

ಬಿದ್ದಮೇಲೆ ಬಿಸೋ ಎರಡು ಸಲ ಹೋಗಿಬಂದಳು. ಎರಡನೇ ಸಲ ಮರಳುವಾಗ, ತಿರುವುಗಳ ನಡುವೆ, ಹಿಂದಿನಿಂದ ಅವಳ ದನಿ ಕೇಳಿತು. "ಸ್ವಲ್ಪ ನಿಲ್ಲಿಸಿ."

"ಯಾಕೆ?"

"ಬೆನ್ನು. ನಿಲ್ಲಿಸಿ ಅಂದ್ನಲ್ಲ."

ಅವನು ನಿಲ್ಲಿಸುವಷ್ಟರಲ್ಲಿ ಅವಳು ಬಾಗಿಲು ತೆಗೆದು ರಸ್ತೆ ಬದಿಗೆ ವಾಂತಿ ಮಾಡಿಕೊಂಡಳು. ಮುಖ ಬೂದಿಯಂತಾಗಿತ್ತು. ಸುಗತದಾಸ ನೀರು ಕೊಟ್ಟ, ಬೆನ್ನಿಗೊಂದು ದಿಂಬು ಕೊಟ್ಟ. "ಅಕ್ಕನ ಮನೇಲಿ ಕವುಂ ಕಜ್ಜಾಯ ಜಾಸ್ತಿ ತಿಂದ್ರೆ ಹೀಗೇ ಆಗೋದು," ಎಂದ. ನಗಿಸಲೆಂದೇ ಅಂದದ್ದು.

ಬಿಸೋ ನಗಲಿಲ್ಲ. ಮನೆ ಸೇರಿದಮೇಲೆ ಹೇಳಿದಳು, "ನಾನಿನ್ನು ಈ ಗಾಡೀಲಿ ಹಸಲಕಕ್ಕೆ ಬರಲ್ಲ. ಕೂತ್ರೆ ಒನಕೆ ತಗೊಂಡು ಕುಟ್ಟಿದ ಹಾಗಾಗುತ್ತೆ."

ಇಪ್ಪತ್ತಾರು ವರ್ಷ ಅನ್ನ ಹಾಕಿದ ಗಾಡಿಯನ್ನು ಹೆಂಡತಿ ಹಾಗೆ ಅಂದದ್ದು ಅವನಿಗೆ ಚುಚ್ಚಿತು. "ಹಾಗಾದ್ರೆ ರಾಣಿಯವರಿಗೆ ಪಲ್ಲಕ್ಕಿ ತರಿಸ್ಲಾ?" ಎಂದ.

"ಊರಿಗೆಲ್ಲ ಮೈಕ್ ಕಟ್ಟಿದ್ರಿ. ಮನೆಯೋಳ ಮಾತು ಮಾತ್ರ ನಿಮ್ಮ ಕಿವಿಗೆ ಬೀಳಲ್ಲ," ಎಂದು ಅವಳು ಒಳಗೆ ಹೋದಳು.

ಅಲ್ಲಿಂದ ಮುಂದೆ ಅವಳು ಬಸ್ಸಿನಲ್ಲಿ ಒಮ್ಮೆ ಹೋದಳು. ಕ್ಯಾಂಡಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ, ಬಂದು ವಾರ ಮಲಗಿದಳು. ಆಮೇಲೆ ಹೋಗಲಿಲ್ಲ. ಟಿಕಿರಿಮೆಣಿಕೆ ಫೋನು ಮಾಡುತ್ತಿದ್ದಳು. "ಮೊಸರು ಹೆಪ್ಪು ಹಾಕಿಟ್ಟಿದೀನಿ ಕಣೇ, ಯಾವಾಗ ಬರ್ತೀಯ?" ಬಿಸೋ, "ಮುಂದಿನ ತಿಂಗಳು ನೋಡೋಣ ಅಕ್ಕಾ," ಎನ್ನುತ್ತಿದ್ದಳು. ವರಾಂಡದಲ್ಲಿ ಪೇಪರು ಓದುತ್ತಿದ್ದ ಸುಗತದಾಸನಿಗೆ ಎಲ್ಲ ಕೇಳುತ್ತಿತ್ತು. ಅವಳಿಗೆ ಹಟ, ಅವಳೇ ಬಂದು ಕರೆದುಕೊಂಡು ಹೋಗಿ ಅನ್ನಲಿ ಎಂದು ಇವನೂ ಬಿಗಿದುಕೊಂಡೇ ಕೂತ. ಹೀಗೆ ಮೂರು ಹೊಸವರ್ಷ ಕಳೆದವು. ಮೂರನೆಯದು ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಟಿಕಿರಿಮೆಣಿಕೆ ಒಲೆಯ ಮುಂದೆ ಕುಸಿದಳು, ಮತ್ತೆ ಏಳಲಿಲ್ಲ. ಅವತ್ತು ಸುಗತದಾಸ ಬಾಯಿ ಮುಚ್ಚಿಕೊಂಡು ಮೆತ್ತನೆಯ ಸೀಟಿನ ವ್ಯಾನೊಂದನ್ನು ಗೊತ್ತು ಮಾಡಿದ. ಬಿಸೋ ಅಕ್ಕನ ಮುಖ ನೋಡಿದ್ದು ಶವಪೆಟ್ಟಿಗೆಯಲ್ಲಿ.

ಮುಂದಿನ ಫೆಬ್ರವರಿಯಲ್ಲಿ ಸುಗತದಾಸನಿಗೆ ಹರ್ನಿಯಾ ಆಪರೇಷನ್ ಆಯಿತು. ಮನೆಗೆ ಕರೆತರಲು ಹೇಮಪಾಲ ಅದೇ ವ್ಯಾಗನ್ ತಂದಿದ್ದ. ಕಾಲು ಮಡಿಸಲಾಗದೆ ಸುಗತದಾಸ ಹಿಂದಿನ ಸೀಟಿನಲ್ಲಿ ಒರಗಿದ. ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು.

ಆಸ್ಪತ್ರೆಯ ಗೇಟಿನ ಉಬ್ಬಿಗೇ ಅವನಿಗೆ ಉಸಿರು ಕಟ್ಟಿತು. ಮುಖ್ಯರಸ್ತೆಯಲ್ಲಿ ಒಂದು ಸಣ್ಣ ತೇಪೆ ಬಂದರೂ ಏಟು ನೇರವಾಗಿ ಹೊಲಿಗೆಗೆ ಬಡಿಯುತ್ತಿತ್ತು.

"ನಿಧಾನ ಕಣಪ್ಪಾ!"

"ಇಪ್ಪತ್ತರಲ್ಲಿ ಹೋಗ್ತಿದೀನಿ ಅಣ್ಣಾ. ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಳಬೇಕು."

ಸುಗತದಾಸ ಎರಡೂ ಕೈಯಲ್ಲಿ ಸೀಟು ಹಿಡಿದ. ಕೈಗೆ ದಿಂಬು ಸಿಕ್ಕಿತು. ತಾನೇ ಕೊಟ್ಟ ದಿಂಬು, ನಡುವೆ ಹಲಗೆಯಂತೆ ಚಪ್ಪಟೆಯಾಗಿತ್ತು. ಆಸ್ಪತ್ರೆಯಿಂದ ಮನೆಗೆ ಅರ್ಧ ಗಂಟೆಯ ದಾರಿ. ಹಸಲಕಕ್ಕೆ ನಾಲ್ಕು ಗಂಟೆ. ಹಿಂದಿನ ಸೀಟು ಗಂಡನಿಗೆ ಬಿಟ್ಟು ಮುಂದೆ ಓರೆಯಾಗಿ ಕೂತಿದ್ದ ಬಿಸೋ ತಿರುಗಿ ನೋಡಿದಳು. ನೋಡಿದ್ರಾ ಎಂದಾದರೂ ಅಂದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಓಡಾಡುವಂತಾದಮೇಲೆ ಅವನು ಗಾಡಿಯ ಹಳೆಯ ಶಾಕ್ ಅಬ್ಸಾರ್ಬರೊಂದನ್ನು ಬಿಚ್ಚಿಸಿ, ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ರಂಬುಕ್ಕನದಲ್ಲಿ ಕೊಲಂಬೋ ರೈಲು ಹತ್ತಿದ. ಮರದಾನದಲ್ಲಿ ಇಳಿದರೆ ಪಂಚಿಕಾವತ್ತೆ ನಡೆಯುವಷ್ಟೇ ದೂರ. ಅಲ್ಲಿ ಬೀದಿಯುದ್ದಕ್ಕೂ ಹಳೆಗಾಡಿಗಳ ಕರುಳು ಕಾಲುಗಳೆಲ್ಲ ಅಂಗಡಿಯ ಸೂರಿನಿಂದ ನೇತಾಡುತ್ತಿರುತ್ತವೆ. ಅವನು ಹೋದದ್ದು ಹಳೆಯ ಪರಿಚಯದ ಜಿಫ್ರಿ ಮುದಲಾಳಿಯ ಅಂಗಡಿಗೆ.

"ಇನ್ನೂ ಓಡಿಸ್ತಿದೀರಾ ಆ ವ್ಯಾಗನ್ನಾ?" ಜಿಫ್ರಿ ನಕ್ಕ. "ಅದಕ್ಕೂ ನಿಮಗೂ ಯಾರು ಮೊದಲು ಅಂತ ಪಂತ ಕಟ್ಟಿದೀರ ಅನ್ಸುತ್ತೆ. ಹೇಳಿ, ಎಷ್ಟು ಲೋಡು ಹಾಕ್ತೀರಿ?"

"ನನ್ನ ಹೆಂಡತಿ. ನಲವತ್ತೆಂಟು ಕಿಲೋ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸುಗತದಾಸ ನಗದೆ ನಿಂತದ್ದು ನೋಡಿ ಜಿಫ್ರಿ ನಗು ನಿಲ್ಲಿಸಿ ಸ್ಟೂಲು ಎಳೆದು ಕೂರಿಸಿದ, ಕಪ್ಪು ಚಹಾ ತರಿಸಿದ. ಬೆನ್ನಿನ ವಿಷಯ ಕೇಳಿಕೊಂಡ. ಆಮೇಲೆ ಎರಡು ಜೊತೆ ಶಾಕ್ ತಂದು ಮುಂದಿಟ್ಟ.

"ಇದು ಹೊಸದು, ಗ್ಯಾಸು ತುಂಬಿದ್ದು. ಹತ್ತು ವರ್ಷ ಅಲುಗಾಡಲ್ಲ. ಒತ್ತಿ ನೋಡಿ."

ಸುಗತದಾಸ ಸರಳನ್ನು ಅಂಗೈಯಿಂದ ಒತ್ತಿದ. ಕೈಯನ್ನು ಹಿಂದಕ್ಕೆ ನೂಕಿಬಿಟ್ಟಿತು.

"ಇದು ಜಪಾನಿನಲ್ಲಿ ಗಾಡಿ ಬಿಚ್ಚುವಾಗ ತೆಗೆದದ್ದು. ಬರೀ ಎಣ್ಣೆ. ಮೆತ್ತಗೆ. ಆದ್ರೆ ಎರಡು ವರ್ಷದ ಮೇಲೆ ನಾನು ಮಾತು ಕೊಡಲ್ಲ."

ಅದನ್ನು ಒತ್ತಿದಾಗ ಸರಳು ಮೆಲ್ಲಗೆ ಇಳಿಯಿತು, ಮೆಲ್ಲಗೇ ಮೇಲೆ ಬಂತು. ಅವನು ಕತ್ತಿನ ಸುತ್ತ ಬೆರಳಾಡಿಸಿ ಎಣ್ಣೆ ಜಿನುಗಿದೆಯೇ ಎಂದು ನೋಡಿದ. ಒಣಗಿತ್ತು. ಪಟ್ಟಾದ ತುದಿಗೆ ಹಾಕುವ ಬುಷ್‌ಗಳಲ್ಲೂ ಎರಡು ಬಗೆ. ಒಂದು ಕೆಂಪು ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನದು, ಇನ್ನೊಂದು ಉಗುರು ಒತ್ತಿದರೆ ಗುರುತು ಮೂಡುವ ಕಪ್ಪು ರಬ್ಬರಿನದು.

"ಕೆಂಪಿಂದು ಸವೆಯೋದೇ ಇಲ್ಲ," ಎಂದ ಜಿಫ್ರಿ.

"ಸವೆಯೋದೇ ಕೊಡಿ," ಎಂದ ಸುಗತದಾಸ.

ಬದುಕಿಡೀ ಅವನು ಬಾಳಿಕೆ ಬರುವುದನ್ನೇ ಆರಿಸಿದವನು. ಚಪ್ಪಲಿಗೆ ಟೈರಿನ ಅಟ್ಟೆ, ಮನೆಗೆ ಕಬ್ಬಿಣದ ಕುರ್ಚಿ. ಅದರಲ್ಲಿ ಕೂತವರನ್ನು ಹೇಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮರಳುವ ರೈಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ವರ್ಷದ ಹಿಂದೆ ಇದೇ ರೈಲು ಹತ್ತಬಾರದಿತ್ತೇ ಎಂದು ತನ್ನನ್ನೇ ಕೇಳಿಕೊಂಡ.

ಹೇಮಪಾಲ ಹೆಚ್ಚುವರಿ ಪಟ್ಟಾ ಎರಡನ್ನೂ ತೆಗೆದ, ಉಳಿದವನ್ನು ಬಿಡಿಸಿ ತುಕ್ಕು ಉಜ್ಜಿ ಗ್ರೀಸು ಸವರಿದ, ಹೊಸ ಬುಷ್ ಹೊಡೆದ, ಶಾಕ್ ಕೂರಿಸಿದ. ಸುಗತದಾಸ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ನಟ್ಟನ್ನೂ ನೋಡಿದ.

ಜೂನ್‌ನಲ್ಲಿ ಟಿಕಿರಿಮೆಣಿಕೆಯ ಹೆಸರಲ್ಲಿ ಭಿಕ್ಷುಗಳಿಗೆ ವರ್ಷದ ದಾನ. ಹಿಂದಿನ ದಿನ ಸುಗತದಾಸ ಹೆಂಡತಿಯ ಮುಂದೆ ನಿಂತು, ಕೇಳಲು ಅಭ್ಯಾಸವಿಲ್ಲದವನಂತೆ ಕೇಳಿದ. "ಗಾಡೀಲಿ ಬರ್ತೀಯಾ? ಒಂದು ಸಲ ಕೂತು ನೋಡು. ಆಗಲ್ಲ ಅಂದ್ರೆ ಕ್ಯಾಂಡಿಯಿಂದ ವಾಪಸ್ ಬರೋಣ."

ಬಿಸೋ ಅವನನ್ನು ಒಂದು ಕ್ಷಣ ನೋಡಿ, "ಸರಿ," ಎಂದಳು.

ಕ್ಯಾಂಡಿ ದಾಟಿತು. ಬೆಟ್ಟ ಹತ್ತಿತು. ಹದಿನೆಂಟು ತಿರುವಿನ ಮೊದಲನೆಯದರಲ್ಲಿ ಅವನು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಬಿಸೋ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಕಣ್ಣು ಮಂಜಾಯಿತು, ಒರೆಸಿಕೊಂಡು ಓಡಿಸಿದ.

ಹಸಲಕದಲ್ಲಿ ದಾನ ಮುಗಿದಮೇಲೆ ಟಿಕಿರಿಮೆಣಿಕೆಯ ಮಗಳು ಹಾಲನ್ನ ಬಡಿಸುತ್ತ, "ಚಿಕ್ಕಪ್ಪಾ, ನಿಮ್ಮ ಗಾಡಿ ಸದ್ದೇ ಕೇಳಲಿಲ್ವಲ್ಲ!" ಎಂದಳು. "ಮೊದಲೆಲ್ಲ ತಿರುವಲ್ಲಿ ಗಡಗಡ ಅಂದ ಕೂಡಲೇ ಅಮ್ಮ ಓಡಿಬಂದು ಮೆಟ್ಟಿಲಲ್ಲಿ ನಿಲ್ತಿದ್ರು. ಕಡೇಕಡೇಗೆ ಯಾವ ಲಾರಿ ಗಡಗಡ ಅಂದ್ರೂ ನಿಲ್ತಿದ್ರು."

ಸುಗತದಾಸ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

ಮರಳುವಾಗ ಬೆಟ್ಟದ ಮೇಲೆ ಚಹಾಕ್ಕೆ ನಿಲ್ಲಿಸಿದರು. ಬೆಲ್ಲ ಕಚ್ಚಿಕೊಂಡು ಬಿಸೋ ಕೇಳಿದಳು, "ಈಗ ಮೆತ್ತಗಿದೆ. ಇದನ್ನ ಮಾಡೋಕೆ ಹೇಮಪಾಲನಿಗೆ ಎಷ್ಟು ದಿನ ಹಿಡೀತು?"

ಸುಳ್ಳು ಹೇಳಿಬಿಡಬೇಕೆಂದು ಅವನಿಗೆ ಒಮ್ಮೆ ಅನ್ನಿಸಿತು. ವಾರ ಎನ್ನಬಹುದಿತ್ತು, ತಿಂಗಳು ಎನ್ನಬಹುದಿತ್ತು.

"ಒಂದೂವರೆ ದಿನ," ಎಂದ.

"ಒಂದೂವರೆ ದಿನ," ಎಂದಳು ಬಿಸೋ. ಲೋಟದ ತಳದಲ್ಲಿ ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿ, ತಾನೇ ಬಾಗಿಲು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.