ಕಾತ್ರಜ್ ಘಾಟಿನಲ್ಲಿ ನಿಲ್ಲುತ್ತಿದ್ದ ಮೋಟಾರು

ಪೆಟ್ರೋಲಿನ ವಾಸನೆ ಬಂದರೆ ಕೆಲವರಿಗೆ ಊರೂರು ತಿರುಗುವ ಆಸೆಯಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಈಗಲೂ ರಸ್ತೆಯ ಬದಿಯಲ್ಲಿ ಯಾರಾದರೂ ಸ್ಕೂಟರ್ ವಾಲಿಸಿಕೊಂಡು ನಿಂತಿದ್ದರೆ ಆ ವಾಸನೆ ಮೂಗಿಗೆ ಬಡಿದು ಪುಣೆಯ ಶುಕ್ರವಾರ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆ ಕಣ್ಣೆದುರು ಬರುತ್ತದೆ. ಬೇವಿನ ಗಿಡದ ನೆರಳಲ್ಲಿ ನಮ್ಮ ಹಳೆಯ ಮೋಟಾರು, ಅದರ ಹೊಟ್ಟೆಯ ಕೆಳಗಿನಿಂದ ಚಾಚಿದ ಅಪ್ಪನ ಎರಡು ಕಾಲು, ಆ ಕಾಲುಗಳಿಗೆ ಬಯ್ಯುತ್ತ ನಿಂತ ಕಾಕಾ. ಹಳೆಯ ಮನೆಯಲ್ಲಿ ಪ್ರೀತಿ ತುಂಬಿ ತುಳುಕುತ್ತಿತ್ತು ಎಂದು ಬರೆಯುವವರು ಬರೆಯಲಿ. ನಮ್ಮಲ್ಲಿ ಜಗಳ ತುಂಬಿತ್ತು. ಆದರೂ ಆ ಮನೆ ಹೋದದ್ದಕ್ಕೆ ಸಂಕಟವಾಗುತ್ತದೆ. ನಿಮ್ಮ ಮನೆಯೂ ಹೋಗಿದ್ದರೆ ನಿಮಗೆ ಬೇರೆ ಹೇಳಬೇಕಿಲ್ಲ.

ಧಾರವಾಡದ ಕಡೆಯಿಂದ ಪುಣೆಗೆ ಬಂದವರು ನಾವು. ಅಪ್ಪ ಮತ್ತು ಅವನ ತಮ್ಮ, ಅಂದರೆ ನಮ್ಮ ಕಾಕಾ, ಇಬ್ಬರೂ ಸೇರಿ ಆ ಮೋಟಾರು ಇಟ್ಟುಕೊಂಡು ಕಾತ್ರಜ್ ಘಾಟಿನಾಚೆಯ ಭೋರ್ ಊರಿಗೆ ಜನರನ್ನು ಒಯ್ಯುತ್ತಿದ್ದರು. ಅಪ್ಪ ಓಡಿಸುವವನು, ಕಾಕಾ ಪೆಟ್ರೋಲು ತರುವವನು. ಎರಡನೆಯ ಮಹಾಯುದ್ಧದ ಕಾಲ, ಕೂಪನ್ ಇಲ್ಲದೆ ಒಂದು ಹನಿ ಸಿಗುತ್ತಿರಲಿಲ್ಲ. ಕಾಕಾ ಸಾಲಿನಲ್ಲಿ ನಿಂತು ಡಬ್ಬಿಯಲ್ಲಿ ತಂದು, ಹಳೆಯ ಧೋತರದ ತುಂಡಿನಲ್ಲಿ ಸೋಸಿ ಟಾಕಿಗೆ ಸುರಿಯುತ್ತಿದ್ದ. ಆ ಮೋಟಾರಿನ ಟಾಕಿ ಹಿಂದೆ ಇರಲಿಲ್ಲ, ಮುಂದಿನ ಗಾಜಿನ ಬುಡದಲ್ಲೇ ಇತ್ತು. ಅದರ ದುಂಡು ಮುಚ್ಚಳ ಗಾಜಿನ ಮುಂದೆ ನಟ್ಟನಡುವೆ, ನೋಡಿದರೆ ಹಣೆಯ ಹಾಗೆ. ಅಪ್ಪನ ಅವ್ವ, ನಾವು ಆಯಿ ಎನ್ನುತ್ತಿದ್ದೆವು, ಅದನ್ನು ಹಣೆಯೆಂದೇ ತಿಳಿದಿದ್ದಳು. ಮೊದಲು ಖಂಡೇನವಮಿಯ ಆಯುಧಪೂಜೆ ಮಾತ್ರ. ಒಮ್ಮೆ ಕಾತ್ರಜ್ ಘಾಟಿನ ತಿರುವಿನಲ್ಲಿ ಎತ್ತಿನ ಗಾಡಿಗೆ ಢಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ, ಆಯಿ ಪ್ರತಿ ಶುಕ್ರವಾರ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಉದುರಬಾರದೆಂದು ಒತ್ತಿ ಒತ್ತಿ ಆ ಮುಚ್ಚಳಕ್ಕೆ ಹಚ್ಚತೊಡಗಿದಳು. ಹಳೆಯದನ್ನು ಒರೆಸಲು ಹೋದರೆ, "ಮುತ್ತೈದಿ ಹಣಿ ಒರಸ್ತಾರೇನ? ಕೈ ತಗೀ!" ಎಂದು ಮೈಮೇಲೆ ಬರುತ್ತಿದ್ದಳು.

ಕೆಲವು ದಿನಗಳಲ್ಲಿ ಮೋಟಾರಿಗೆ ಹೊಸ ರೋಗ ಶುರುವಾಯಿತು. ಮನೆಯಿಂದ ಚೆನ್ನಾಗಿ ಹೊರಡುವುದು, ಘಾಟು ಹತ್ತುವಾಗ ಕೆಮ್ಮಿ, ಜಗ್ಗಿ ನಿಂತುಬಿಡುವುದು. ಅಪ್ಪ ಇಳಿದು ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೋಡುತ್ತಿದ್ದ. ಪೆಟ್ರೋಲು ಇದೆ. ಮುಚ್ಚಳ ಹಾಕಿ ಹ್ಯಾಂಡಲ್ ತಿರುವಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು, ಇನ್ನಷ್ಟು ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು. "ಅಹೋ, ಗಾಡೀ ಆಹೇ ಕೀ ಮ್ಹಾತಾರೀ?" ಇದು ಗಾಡಿಯೋ ಮುದುಕಿಯೋ ಎಂದು ಒಳಗಿದ್ದವರು ನಗುತ್ತಿದ್ದರು, ನಕ್ಕಾದ ಮೇಲೆ ಇಳಿದು ಬೇರೆಯವರ ಗಾಡಿ ಹತ್ತುತ್ತಿದ್ದರು. ಅಪ್ಪ ಕಾರ್ಬೊರೇಟರ್ ಬಿಚ್ಚಿ ಅವ್ವನ ಊಟದ ತಾಟಿನಲ್ಲಿ ಹರವಿದ. ಒಳಗೆ ಕಸವಿಲ್ಲ. ಟಾಕಿಯಿಂದ ಬರುವ ತಾಮ್ರದ ಕೊಳವೆಗೆ ಬಾಯಿಟ್ಟು ಊದಿದ, ಗಾಳಿ ಸರಾಗ ಹೋಯಿತು. ಪೆಟ್ರೋಲನ್ನು ಗಾಜಿನ ಶೀಸೆಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ, ತಳದಲ್ಲಿ ನೀರಿಲ್ಲ. ತಾಟು ಹಾಳಾದದ್ದಷ್ಟೇ ಬಂತು. ಅದರಲ್ಲಿ ಏನು ತಿಂದರೂ ಆ ವಾಸನೆ.

ಯಂತ್ರದಲ್ಲಿ ತಪ್ಪು ಸಿಗದಿದ್ದಾಗ ಅಪ್ಪ ಮನುಷ್ಯನಲ್ಲಿ ಹುಡುಕಿದ. ಒಂದು ಮುಂಜಾನೆ, ವಾಡೆಯ ಹೆಂಗಸರೆಲ್ಲ ನಳಕ್ಕೆ ಕೊಡ ಹಚ್ಚಿ ನಿಂತಿದ್ದಾಗ, ಕಾಕಾನ ಕೈಯಿಂದ ಡಬ್ಬಿ ಕಸಿದು, ಸೀಮೆಎಣ್ಣೆಯ ವಾಸನೆ ಇದೆಯೇನೋ ಎಂದು ಮೂಸಿದ.

"ಇದರಾಗ ಚಿಮಣಿ ಎಣ್ಣಿ ಬೆರಸೀದಿ. ಪೆಟ್ರೋಲ್ ಯಾರಿಗೆ ಮಾರಿದಿ, ಹೇಳು."

"ಅಣ್ಣಾ, ಚಿಮಣಿ ಎಣ್ಣಿ ಇದ್ರ ಹಿಂದ ಹೊಗಿ ಕರ್ರಗ ಬರ್ತದ. ಘಾಟ್ ಹತ್ತೂ ಮುಂದ ಎಂಜಿನ್ ಕಟಕಟ ಅಂತದ. ಅಂತದೇನು? ಓಡಸಾಂವ ನೀನ, ನೀನ ಹೇಳು."

"ಕಳ್ಳಗ ಎಲ್ಲಾ ಗೊತ್ತಿರ್ತದ."

ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ, "ಆಕಿ ಬಂದಾಗಿಂದ ಹಿಂಗಾಗ್ಯಾನ" ಎಂದಳು. ಆಕಿ ಎಂದರೆ ಕಾಕಾನ ಹೆಂಡತಿ, ಕಾಕು. ಕಾಕು ಒಳಗೆ ಹೋಗಿ ಟ್ರಂಕು ಎಳೆದಳು. ಆ ವಾರ ಮುಗಿಯುವುದರೊಳಗೆ ಅವರ ಖೋಲಿ ಖಾಲಿಯಾಯಿತು.

ಆಮೇಲೆ ಅಪ್ಪ ತಾನೇ ಸಾಲಿನಲ್ಲಿ ನಿಂತು ಪೆಟ್ರೋಲು ತಂದ, ತಾನೇ ಸುರಿದ. ಒಂದು ದಿನ ಭೋರಿನಲ್ಲಿದ್ದ ಮಾವಶಿಯನ್ನು, ಅವ್ವನ ತಂಗಿಯನ್ನು, ನೋಡಲು ಅವ್ವ, ನಾನು ಹಿಂದೆ ಕೂತಿದ್ದೆವು. ಮೋಟಾರು ಘಾಟಿನಲ್ಲಿ ಎಂದಿನ ಹಾಗೆ ನಿಂತಿತು. ಅವ್ವ ಬಿಡಲಿಲ್ಲ. "ಇವತ್ತ ಯಾರ ಬೆರಸ್ಯಾರ್ರಿ?" ಎಂದಳು. ಅಪ್ಪ ಇಳಿದ. ಜನರ ಗದ್ದಲವಿಲ್ಲದ್ದರಿಂದಲೋ ಏನೋ, ಮುಚ್ಚಳ ತಿರುವಿದೊಡನೆ ಟಾಕಿ ಹುಸ್ ಎಂದು ಗಾಳಿ ಎಳೆದುಕೊಂಡದ್ದು ನಮಗೂ ಕೇಳಿಸಿತು. ಅಪ್ಪ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ, ಅವ್ವನ ಬಳೆಯಲ್ಲಿದ್ದ ಪಿನ್ನು ಕೇಳಿದ. ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲು ಇಳಿದಷ್ಟು ಗಾಳಿ ಅಲ್ಲಿಂದ ಒಳಗೆ ಹೋಗಬೇಕು, ಹೋಗದಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಪಿನ್ನು ಚುಚ್ಚಿ ಎಳೆದರೆ ತುದಿಗೆ ಒಣಗಿ ಗಟ್ಟಿಯಾದ ಕುಂಕುಮ. ಇಷ್ಟು ದಿನ ನೋಡಲೆಂದು ಮುಚ್ಚಳ ತೆಗೆದಾಗಲೇ ಗಾಳಿ ಹೊಕ್ಕು ರೋಗ ಬಿಡುತ್ತಿತ್ತು, ಹಾಕಿದೊಡನೆ ಮತ್ತೆ ಹಿಡಿಯುತ್ತಿತ್ತು. ಅಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ.

ಆಯಿಗೆ ಪಿನ್ನು ತೋರಿಸಿದರೆ, "ದೇವರ ಕುಂಕುಮಕ್ಕ ಗಾಡಿ ನಿಲ್ತದ? ನಿನ್ನ ಕೈಗುಣ ನೋಡ್ಕೋ" ಎಂದು ಮುಖ ತಿರುವಿದಳು. ಕಾಕಾನನ್ನು ಕರೆದು ತನ್ನಿ ಎಂದು ಅವ್ವ ಹಠ ಹಿಡಿದಳು. ಅಪ್ಪ ನನ್ನನ್ನೂ ಕರೆದುಕೊಂಡು ನಾನಾ ಪೇಠೆ ಎಂಬಲ್ಲಿದ್ದ ಅವರ ಹೊಸ ಖೋಲಿ ಹುಡುಕಿ ಹೋದ. ನನ್ನ ಮುಖ ನೋಡಿ ಕಾಕು ಕರಗುತ್ತಾಳೆಂದು ಅವನ ಲೆಕ್ಕ. ಕಾಕು ಬಾಗಿಲಲ್ಲೇ ಕೇಳಿದಳು: "ಹುಡುಗಿನ್ನ ಯಾಕ ತಂದೀರಿ ಭಾವಾರ, ಸಾಕ್ಷಿಗೇನು?" ಕಾಕಾ ಹೊರಗೆ ಬಂದು ಸಂದಿಯಲ್ಲೇ ನಿಂತ. ಅಪ್ಪ ತೂತು, ಕುಂಕುಮ, ಪಿನ್ನು ಎಲ್ಲ ಹೇಳಿದ. ಕಾಕಾ ಪೂರ್ತಿ ಕೇಳಿದ.

"ಕಳ್ಳ ಅಂತ ಇಡೀ ವಾಡೆದ ಮುಂದ ಅಂದಿ. ಕಳ್ಳ ಅಲ್ಲ ಅಂತ ಇಲ್ಲಿ ಸಂದ್ಯಾಗ ಬಂದು ಹೇಳ್ತಿ. ಅಲ್ಲೇ ನಳದ ಮುಂದ ನಿಂತು ಅನ್ನು. ಅಂದ ದಿನಾ ನಾ ಟ್ರಂಕ್ ಹೊತಗೊಂಡು ಬರ್ತೀನಿ."

"ಅಂತೀನಿ" ಎಂದ ಅಪ್ಪ.

ಮರುದಿನ ಮುಂಜಾನೆ ನಳದ ಹತ್ತಿರ ಹೋದ. ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟರು. ಅಪ್ಪ ಅವರ ಕಡೆ ನೋಡಿದ, ಬಗ್ಗಿದ, ಬಾಯಿ ಮುಕ್ಕಳಿಸಿ ಉಗುಳಿ ಒಳಗೆ ಬಂದ. ಅವ್ವ ಅವನಿಗೆ ರೊಟ್ಟಿ ಬಡಿಸಿದಳು, ಎದುರಿಗೆ ಕೂಡಲಿಲ್ಲ. ಮೋಟಾರು ಆಮೇಲೆ ಒಂದು ಸಲವೂ ನಿಲ್ಲದೆ ಭೋರಿಗೆ ಹೋಗಿಬಂತು.

ಆಯಿ ಸತ್ತಳು, ಮೋಟಾರು ಗುಜರಿಗೆ ಹೋಯಿತು. ಅಪ್ಪ ತೀರಿಕೊಂಡಾಗ ಕಾಕಾ ಬಂದ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಗಲು ಕೊಡುವ ಮೊದಲು ಅವನು ಅಲ್ಲಿ ನೆರೆದಿದ್ದ ಹಳಬರ ಮುಖಗಳನ್ನು ಒಂದೊಂದಾಗಿ ನೋಡಿದ, ತಾನು ಕಳ್ಳನಲ್ಲವೆಂದು ಈಗಲಾದರೂ ಯಾರಾದರೂ ಹೇಳಬಹುದೇನೋ ಎಂಬಂತೆ. ಅವ್ವ ಬಾಯಿ ತೆರೆದಳು. ಬಂದದ್ದು ಅಳು ಮಾತ್ರ. ಕಾಕಾ ಅಣ್ಣನನ್ನು ಹೊತ್ತು ಸ್ಮಶಾನಕ್ಕೆ ಮುಟ್ಟಿಸಿದ. ತಿರುಗಿ ಬಂದವರೆಲ್ಲ ಕೈಕಾಲು ತೊಳೆದುಕೊಳ್ಳುತ್ತಿದ್ದಾಗ ನೋಡಿದರೆ ಅವನು ಇರಲಿಲ್ಲ. ಮುಂದೆ ಅವನೂ ತೀರಿಕೊಂಡ ಸುದ್ದಿ ನಮಗೆ ಎಷ್ಟೋ ತಿಂಗಳ ಮೇಲೆ ಪೇಟೆಯಲ್ಲಿ ಯಾರಿಂದಲೋ ತಿಳಿಯಿತು. ಮನೆಗೆ ಬಂದು ತಿಳಿಸುವಂಥ ಸಂಬಂಧ ಉಳಿದಿರಲಿಲ್ಲ.