ಚೀಲಗಟ್ಟಲೆ ಆರೋಗ್ಯ

ಇಳಕಲ್ಲಿನ ನಮ್ಮ ಓಣಿಯಲ್ಲಿ ರಾಚಯ್ಯನವರಷ್ಟು ಪೇಟೆ ಬಲ್ಲವರು ಇನ್ನೊಬ್ಬರಿಲ್ಲ ಎಂಬುದು ರಾಚಯ್ಯನವರ ಅಭಿಪ್ರಾಯವಾಗಿತ್ತು. ಹುನಗುಂದದ ಒಂದು ಕಚೇರಿಯಲ್ಲಿ ಅವರು ಹೆಡ್ ಕ್ಲಾರ್ಕ್. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಹೋಗಿ, ಹಗಲೆಲ್ಲ ಕುರ್ಚಿಯಲ್ಲಿ ಕೂತು, ಸಂಜೆ ಮತ್ತೆ ಬಸ್ಸಿನಲ್ಲಿ ಕೂತು ಬರುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಮನೆ ಕೂಗಳತೆಯಲ್ಲಿದ್ದರೂ ಟಾಂಗಾ ಬೇಕೇ ಬೇಕು. ಸರಕಾರಿ ನೌಕರ ನಡೆದು ಹೊರಟರೆ ಜನ ಅರ್ಜಿ ಹಿಡಿದು ಬೆನ್ನು ಹತ್ತುತ್ತಾರೆ ಎಂದು ಅವರು ಕಾರಣ ಕೊಡುತ್ತಿದ್ದರು. ಅವರ ಬೆನ್ನು ಹತ್ತಿದವರನ್ನು ನಾವ್ಯಾರೂ ನೋಡಿರಲಿಲ್ಲ.

ಚಿಲ್ಲರೆ ಅಂಗಡಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಬೆಂಕಿಪೊಟ್ಟಣ ಬೇಕಾದರೂ ಬಂಡಲ್ಲೇ ತರಬೇಕು. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಹಲ್ಲುಪುಡಿಯ ಪೆಟ್ಟಿಗೆಯೊಂದನ್ನು ಹೊತ್ತು ತರಿಸಿದ್ದರು. ಮಗಳು ಮದುವೆಯಾಗಿ ಗುಳೇದಗುಡ್ಡಕ್ಕೆ ಹೊರಟಾಗ ಆಕೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅದೇ ಹಲ್ಲುಪುಡಿ ಹೋಯಿತು. ಆಮೇಲೂ ಮನೆಯಲ್ಲಿ ಉಳಿದಿತ್ತು.

ಎಂಬತ್ತನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ರಾಚಯ್ಯನವರಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಬಚ್ಚಲಲ್ಲಿ ಇರುವೆ ಸಾಲುಗಟ್ಟಿದ್ದನ್ನು ಮೊದಲು ಕಂಡವರು ಅವರ ಹೆಂಡತಿ ಸಿದ್ದಲಿಂಗವ್ವ. ಆಕೆ ಹೆಚ್ಚು ಮಾತಿನವರಲ್ಲ. ಗಂಡನ ಕೊಡೆಯನ್ನೂ ಚಪ್ಪಲಿಯನ್ನೂ ಬಾಗಿಲಲ್ಲಿ ಇಟ್ಟು, "ನಡೀರಿ, ದವಾಖಾನಿಗೆ ಹೋಗೂಣು" ಎಂದರು.

ಜಲಾಲುದ್ದೀನ ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಕ್ಕೆ ಮೂತ್ರದ ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕಡೆಗೆ ಕೆಂಪಗೆ ನಿಂತಿತು.

"ನೋಡ್ರಿ ಅಯ್ಯಾರ, ನಮ್ಮೂರ ಕಲ್ಲಿನ ಬಣ್ಣ ಬಂದೈತಿ."

"ಅದು ಛಲೋನೋ, ಕೆಟ್ಟೋ?"

"ಕಲ್ಲಿಗೆ ಛಲೋ. ನಿಮಗ ಸಕ್ರಿ ಬ್ಯಾನಿ ಐತಿ."

ಡಾಕ್ಟರು ಗುಳಿಗೆ ಬರೆದರು. ಸಕ್ಕರೆ ಬಿಡಬೇಕು, ಅನ್ನ ಕಡಿಮೆ ಮಾಡಬೇಕು, ನವಣೆ, ಹುರಳಿ, ಅಗಸಿ, ಮೆಂತೆ ಇಂಥವನ್ನು ಊಟದಲ್ಲಿ ಹೆಚ್ಚಿಸಬೇಕು ಎಂದರು. ಅದರ ಮುಂದೆಯೂ ಏನೇನೋ ಹೇಳಿದರು. ಅದು ರಾಚಯ್ಯನವರ ಕಿವಿಗೆ ಬೀಳಲಿಲ್ಲ. ಇಷ್ಟೆಲ್ಲ ಧಾನ್ಯ ಸಗಟು ಎಲ್ಲಿ ಸಿಗುತ್ತದೆ ಎಂದು ಅವರು ಆಗಲೇ ಯೋಚಿಸತೊಡಗಿದ್ದರು.

ಸಿಗುವ ಜಾಗ ಬಾಗಲಕೋಟೆಯಲ್ಲಿತ್ತು. ಅಲ್ಲೊಂದು ಹಳೆಯ ಹತ್ತಿ ಗೋದಾಮಿನಲ್ಲಿ ದೇವಪ್ಪ ಎಂಬವನು ಹೊಸದಾಗಿ ಸಗಟು ಅಂಗಡಿ ತೆರೆದಿದ್ದ. ಚೀಲಕ್ಕಿಂತ ಕಡಿಮೆ ಏನನ್ನೂ ಮಾರುವುದಿಲ್ಲ ಎಂದು ಬಾಗಿಲ ಮೇಲೆ ಬರೆಸಿದ್ದ. ಆ ಬರಹ ಓದಿದ ಕೂಡಲೇ ರಾಚಯ್ಯನವರಿಗೆ ತವರು ಮನೆಗೆ ಬಂದಷ್ಟು ಸಂತೋಷವಾಯಿತು. ಸೂರು ಮುಟ್ಟುವಂತೆ ಒಟ್ಟಿದ ಚೀಲಗಳ ನಡುವೆ ಅವರು ಗರ್ಭಗುಡಿಯ ಸುತ್ತ ನಡೆಯುವವರ ಹಾಗೆ ಬಲಗಡೆಯಿಂದ ನಡೆದರು. ಅಕ್ಕಿಯ ಸಾಲನ್ನು ಕಂಡು ಮುಖ ತಿರುವಿದರು. ಮೂಲೆಯಲ್ಲಿ ಧೂಳು ಹಿಡಿದಿದ್ದ ಚೀಲಗಳ ಮುಂದೆ ನಿಂತರು.

"ಅದು ಹುರಳಿ ರೀ ಅಯ್ಯಾರ," ಎಂದ ದೇವಪ್ಪ. "ಮಂದಿ ಎತ್ತಿಗೆ ಒಯ್ತಾರ."

"ಎತ್ತಿಗೆ ಸಕ್ರಿ ಬ್ಯಾನಿ ಬಂದದ್ದು ಯಾವಾಗರ ಕೇಳೀಯೇನು?"

ದೇವಪ್ಪ ಯೋಚಿಸಿದ. "ಇಲ್ರಿ."

"ಹಾಕು ಒಂದು ಚೀಲ."

ಆ ಮಾತು ರಾಚಯ್ಯನವರಿಗೇ ಬಹಳ ಹಿಡಿಸಿತು. ಮುಂದೆ ಅದನ್ನು ಎಲ್ಲ ಕಡೆ ಹೇಳಿದರು. ಅಂದು ಹುರಳಿಯ ಜೊತೆ ನವಣೆ, ಗುರೆಳ್ಳು, ಮೆಂತೆಕಾಳು ಬಂದವು. ಬಣ್ಣಕ್ಕೆ ಬೆರೆಸುವ ಎಣ್ಣೆ ತೆಗೆಯುವ ಗಿರಣಿಗೆಂದು ಕಟ್ಟಿಟ್ಟಿದ್ದ ಅಗಸಿಯ ಚೀಲವೊಂದೂ ಬಂತು. ದೇವಪ್ಪ ಜಾಣ. ಒಂದು ವರ್ಷದಿಂದ ಯಾರೂ ಕೇಳದ ಮಾಲು ಒಬ್ಬ ಹೆಡ್ ಕ್ಲಾರ್ಕಿನ ಕೊಡೆಯ ಹಿಂದೆ ಹೊರಟಿದ್ದನ್ನು ಕಂಡು ತಾನೇ ಎದ್ದು ಚಹಾ ತರಿಸಿದ, ಸಕ್ಕರೆ ಇಲ್ಲದ್ದು.

ಬಸ್ಸಿನ ನೆತ್ತಿಯ ಮೇಲೆ ಚೀಲ ಏರಿಸುವಾಗ ಕಂಡಕ್ಟರು, "ಅಂಗಡಿ ಇಟ್ಟೀರೇನ್ರಿ?" ಎಂದು ಕೇಳಿದ. "ಔಷಧ ಅದು," ಎಂದರು ರಾಚಯ್ಯ. ಕಂಡಕ್ಟರು ಮೇಲೆ ನೋಡಿ, ಇಷ್ಟು ಔಷಧ ಬೇಕಾಗುವ ಬ್ಯಾನಿ ಯಾವುದಿರಬಹುದೆಂದು ಕೊಂಚ ದೂರ ಸರಿದು ನಿಂತ.

ದಾರಿಯಲ್ಲಿ ಅಮೀನಗಡ. ಅಲ್ಲಿ ಬಸ್ಸು ನಿಂತರೆ ಕರದಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ರಾಚಯ್ಯನವರು ಸ್ವಲ್ಪ ಹೊತ್ತು ಶಿಸ್ತಿನಿಂದ ಕೂತರು. ಆಮೇಲೆ ಕರದಂಟಿನಲ್ಲಿ ಇರುವುದು ಏನು ಎಂದು ವಿಚಾರ ಮಾಡಿದರು. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ. ಡಾಕ್ಟರು ಸಕ್ಕರೆ ಬಿಡಿ ಎಂದಿದ್ದರೇ ಹೊರತು ಬೆಲ್ಲದ ಹೆಸರು ಎತ್ತಿರಲಿಲ್ಲ. ಕೆಳಗಿಳಿದರು. ಬಸ್ಸು ಹುನಗುಂದ ದಾಟುವುದರೊಳಗೆ ಕೈಯಲ್ಲಿ ಕಾಗದ ಮಾತ್ರ ಉಳಿದಿತ್ತು. ಆಮೇಲೆ ಧಾನ್ಯ ತರಲು ಬಾಗಲಕೋಟೆಗೆ ಹೋದಾಗಲೆಲ್ಲ ಈ ವಿಚಾರ ನಡೆಯುತ್ತಿತ್ತು, ತೀರ್ಮಾನವೂ ಬದಲಾಗಲಿಲ್ಲ. ಹಾಗೆ ನೋಡಿದರೆ ಅವರು ಧಾನ್ಯಕ್ಕಾಗಿ ಹೋಗುತ್ತಿದ್ದರೋ ಕರದಂಟಿಗಾಗಿಯೋ ಎಂದು ಹೇಳುವುದು ಕಷ್ಟ.

ಮನೆಯಲ್ಲಿ ಚೀಲಗಳು ಪಡಸಾಲೆ ತುಂಬಿದವು, ಆಮೇಲೆ ಮಂಚದ ಕೆಳಗೆ ಹೋದವು, ಆಮೇಲೆ ಮಂಚವೇ ಚೀಲಗಳ ಮೇಲೆ ಹೋಯಿತು. ಅಗಸಿ ಎಲ್ಲಕ್ಕಿಂತ ಶ್ರೇಷ್ಠವೆಂದು ಅದನ್ನು ದೇವರ ಕೋಣೆಯಲ್ಲಿ ಇಡಲಾಯಿತು. ಪೂಜೆಯ ಹೊತ್ತಿನಲ್ಲಿ ರಾಚಯ್ಯನವರ ಕೈ ತಪ್ಪಿ ಅದಕ್ಕೂ ಒಂದೆರಡು ಸಲ ವಿಭೂತಿ ಬಿತ್ತು.

ನವಣೆ ಸಿಪ್ಪೆಯ ಸಮೇತ ಬಂದಿತ್ತು. ಸಿದ್ದಲಿಂಗವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಕೇಳಿದರು:

"ಇದನ್ನ ಕುಟ್ಟಾವ್ರು ಯಾರ್ರಿ?"

"ಕುಟ್ಟೂದು ಮೈಗೆ ಛಲೋ," ಎಂದರು ರಾಚಯ್ಯ, ಚೀಲಕ್ಕೆ ಒರಗಿ ಕಾಲು ಚಾಚುತ್ತ.

ಹೀಗಾಗಿ ಆರೋಗ್ಯದ ಮೊದಲ ಪಾಲು ಸಿದ್ದಲಿಂಗವ್ವನಿಗೆ ಹೋಯಿತು. ಒನಕೆ ಹಿಡಿದು ಆಕೆಯ ರಟ್ಟೆ ಗಟ್ಟಿಯಾದವು. ಬೆಳಿಗ್ಗೆ ನೆನೆಸಿದ ಮೆಂತೆ, ಮಧ್ಯಾಹ್ನದ ಡಬ್ಬಿಗೆ ನವಣೆ ಅನ್ನ, ಸಂಜೆ ಹುರಳಿ ಕಟ್ಟಿನ ಸಾರು. ಕಚೇರಿಯಲ್ಲಿ ರಾಚಯ್ಯನವರು ಡಬ್ಬಿಯನ್ನು ಎಲ್ಲರಿಗೂ ತೋರಿಸಿ, ಎತ್ತಿನ ಮಾತು ಹೇಳಿ, ಮುಚ್ಚಿ ಜವಾನನಿಗೆ ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆಗೆ ಹೋಗಿ ಮಿರ್ಚಿ ಭಜಿ ತಿನ್ನುತ್ತಿದ್ದರು. ಭಜಿಯಲ್ಲಿ ಸಕ್ಕರೆ ಇರುವುದಿಲ್ಲ. ಜವಾನ ಮಾತ್ರ ದಿನದಿನಕ್ಕೆ ಚುರುಕಾದ.

ಸಂಕ್ರಾಂತಿಗೆ ಮಗಳ ಮಾವ ಬಸಯ್ಯನವರು ಗುಳೇದಗುಡ್ಡದಿಂದ ಬಂದರು. ಕುಪ್ಪಸದ ಖಣದ ವ್ಯಾಪಾರಸ್ಥರು, ಬೀಗರು. ಹೋಳಿಗೆಯ ನಿರೀಕ್ಷೆಯಲ್ಲಿ ತಾಟಿನ ಮುಂದೆ ಕೂತವರಿಗೆ ನವಣೆ ಅನ್ನವೂ ಹುರಳಿ ಸಾರೂ ಬಂದವು. ಬಸಯ್ಯನವರು ತಾಟನ್ನು ನೋಡಿದರು, ಒಲೆಯ ಕಡೆಗೆ ನೋಡಿದರು, ಇನ್ನೇನಾದರೂ ಬರಲಿದೆಯೋ ಎಂದು ಕಾದರು.

"ಉಣ್ರಿ ಬೀಗರ. ಎತ್ತಿಗೆ ಸಕ್ರಿ ಬ್ಯಾನಿ ಬಂದದ್ದು ಯಾವಾಗರ ಕೇಳೀರೇನು?"

"ನನಗ ಸಕ್ರಿ ಬ್ಯಾನಿ ಇಲ್ರಿ," ಎಂದರು ಬಸಯ್ಯ.

"ಬರೂದಿಲ್ಲ ಅಂತೇನೂ ಇಲ್ಲಲ್ಲ."

ಬಸಯ್ಯನವರು ಉಂಡರು, ಕೈ ತೊಳೆದರು, ಮರುದಿನ ಬಸ್ಸಿಗೆ ಹೋಗುವವರು ಅದೇ ಸಂಜೆಯ ಬಸ್ಸಿಗೆ ಹೊರಟರು. ಊರಿಗೆ ಹೋಗಿ, "ನನ್ನನ್ನ ಎತ್ತು ಅಂದ್ರು, ಮ್ಯಾಲೆ ಬ್ಯಾನಿ ಬರ್ಲಿ ಅಂದ್ರು" ಎಂದು ಸೊಸೆಗೆ ಹೇಳಿದರಂತೆ. ಮಗಳಿಂದ ಸುದ್ದಿ ಬಂದ ಮೇಲೆ ರಾಚಯ್ಯನವರು ನೊಂದರು. ಬೀಗರನ್ನು ಸಮಾಧಾನ ಮಾಡಲು ಒಂದು ಚೀಲ ಹುರಳಿಯನ್ನು ಗುಳೇದಗುಡ್ಡಕ್ಕೆ ಕಳಿಸಿಕೊಟ್ಟರು. ಅದು ಮರುವಾರ ಅದೇ ಬಸ್ಸಿನಲ್ಲಿ, ಬಿಚ್ಚದ ಹಾಗೆಯೇ ವಾಪಸು ಬಂತು. ಸಿದ್ದಲಿಂಗವ್ವನೇ ಒಂದು ದಿನ ಹೋಳಿಗೆ ಮಾಡಿಕೊಂಡು ಗುಳೇದಗುಡ್ಡಕ್ಕೆ ಹೋಗಿ ಬಂದ ಮೇಲೆ ಸಂಬಂಧ ಸರಿಯಾಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಹುರಳಿಗೆ ನುಸಿ ಬಿತ್ತು. ಪಡಸಾಲೆಯಲ್ಲಿ, ಹಾಸಿಗೆಯಲ್ಲಿ, ರಾಚಯ್ಯನವರ ಕಚೇರಿಯ ಕೋಟಿನಲ್ಲಿ ಸಣ್ಣ ಹುಳಗಳು ಹರಿದಾಡಿದವು. ಒಂದು ಬೆಳಿಗ್ಗೆ ಸಿದ್ದಲಿಂಗವ್ವ ಒನಕೆಯನ್ನು ಗೋಡೆಗೆ ಒರಗಿಸಿ ಗಂಡನ ಎದುರು ನಿಂತರು.

"ಈ ಮನ್ಯಾಗ ಚೀಲಾರ ಇರ್ಬೇಕು, ನಾನರ ಇರ್ಬೇಕು. ನೀವು ಬಾಗಲಕೋಟಿಗೆ ಇನ್ನ ಹೋಗಂಗಿಲ್ಲ. ಇವನ್ನೆಲ್ಲಾ ಮೊದಲ ಖಾಲಿ ಮಾಡ್ರಿ."

"ಚೆಲ್ಲಲಿಕ್ಕೆ ಬರ್ತೈತೇನು? ಔಷಧ ಅದು."

"ಹಂಗಾದ್ರ ರೋಗಿಗಳನ್ನ ಹುಡುಕ್ರಿ."

ರಾಚಯ್ಯನವರು ಹುಡುಕಲು ಹೊರಟರು. ಧಾನ್ಯವನ್ನು ಬಿಸಿಲಿಗೆ ಹಾಕಿ, ಕೇರಿಸಿ, ಎರಡು ಕೈಚೀಲಗಳಲ್ಲಿ ತುಂಬಿಕೊಂಡು ಸಂಜೆಯಾದರೆ ಮನೆಮನೆಗೆ ಹೋಗುತ್ತಿದ್ದರು. ಮೊದಲು ನಮ್ಮ ಓಣಿ. ನಾವು ಒಂದು ಸಲ ತೆಗೆದುಕೊಂಡೆವು, ಎರಡನೆಯ ಸಲ ಮನೆಯಲ್ಲಿ ಇರಲಿಲ್ಲ. ಟಾಂಗಾದಲ್ಲಿ ಹೋದರೆ ಜನ ದೂರದಿಂದಲೇ ಗಂಟೆಯ ಸಪ್ಪಳ ಕೇಳಿ ಬಾಗಿಲು ಹಾಕಿಕೊಳ್ಳುತ್ತಾರೆಂದು ತಿಳಿದು ನಡೆದೇ ಹೋಗತೊಡಗಿದರು. ನೇಕಾರರ ಓಣಿಗೆ ಹೋದರು. ಮಗ್ಗದ ಸದ್ದಿನಲ್ಲಿ ಅವರ ಭಾಷಣ ಯಾರಿಗೂ ಕೇಳಿಸಲಿಲ್ಲ, ಹಾಗಾಗಿ ಒಂದೆರಡು ಸೇರು ಅಲ್ಲಿ ಖರ್ಚಾಯಿತು. ಕಲ್ಲು ಪಾಲಿಶ್ ಮಾಡುವ ಕಾರಖಾನೆಗಳಿಗೆ ಹೋದರು, ಅಲ್ಲಿಂದ ಆಚೆ ಕಲ್ಲಿನ ಗಣಿಗಳಿಗೆ ಗುಡ್ಡ ಹತ್ತಿ ಹೋದರು. ಅಮೀನಬಿ ಎಂಬ ಮುದುಕಿಯೊಬ್ಬಳು ಮಾತ್ರ ತಾನಾಗಿ ಕರೆದು ಬೊಗಸೆ ಹುರಳಿ ಇಸಿದುಕೊಂಡು, "ನನ್ನ ಆಡಿಗೆ ಭಾಳ ಸೇರ್ತೈತ್ರಿ" ಎಂದಳು. ರಾಚಯ್ಯನವರು ಆಡನ್ನೂ ತಮ್ಮ ರೋಗಿಗಳ ಲೆಕ್ಕಕ್ಕೆ ಸೇರಿಸಿಕೊಂಡರು.

ಮಳೆಗಾಲ ಹೀಗೆ ಕಳೆಯಿತು. ಬಾಗಲಕೋಟೆ ನಿಂತಿತು, ಅದರೊಡನೆ ಅಮೀನಗಡವೂ ನಿಂತಿತು. ಸಂಜೆ ಬೇಗ ಊರಿಗೆ ಬರಲು ಮಧ್ಯಾಹ್ನವೂ ಕೂತು ಕಡತ ಮುಗಿಸಬೇಕಾಗಿದ್ದರಿಂದ ಭಜಿಗೂ ಹೊತ್ತು ಸಿಗಲಿಲ್ಲ. ಕಚೇರಿಯ ಕೋಟು ಮೈಮೇಲೆ ಜೋಲಾಡತೊಡಗಿತು.

ಮತ್ತೆ ದವಾಖಾನೆಗೆ ಹೋದಾಗ ಕೊಳವೆಯ ನೀಲಿ ಕೊಂಚ ಹಸಿರಾಗಿ ಅಲ್ಲಿಗೇ ನಿಂತಿತು. ಜಲಾಲುದ್ದೀನ ಡಾಕ್ಟರು ಇನ್ನೊಮ್ಮೆ ಕಾಯಿಸಿ ನೋಡಿದರು.

"ಅಯ್ಯಾರ, ಏನು ಮಾಡಿದ್ರಿ ನೀವು?"

"ಅಗಸಿ," ಎಂದರು ರಾಚಯ್ಯ. "ಎಲ್ಲಾ ಅಗಸಿಯ ಪ್ರತಾಪ."

ಪಕ್ಕದ ಬೆಂಚಿನ ಮೇಲೆ ಕೂತಿದ್ದ ಸಿದ್ದಲಿಂಗವ್ವ ಮೆಲ್ಲಗೆ ಹೇಳಿದರು: "ಅಗಸಿ ಚೀಲದ ಹೊಲಿಗಿ ಇನ್ನೂ ಬಿಚ್ಚಿಲ್ರಿ ಡಾಕ್ಟ್ರ."

ಡಾಕ್ಟರು ಗಂಡನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ರಾಚಯ್ಯನವರ ಸವೆದ ಚಪ್ಪಲಿಯನ್ನೂ ನೋಡಿದರು. "ಹಂಗಾದ್ರ ಅದು ಹಂಗ ಇರ್ಲಿ," ಎಂದರು. "ನೀವು ಚೀಲಾ ಹೊತ್ತು ಅಡ್ಡಾಡೂದು ಬಿಡಬ್ಯಾಡ್ರಿ."

ರಾಚಯ್ಯನವರು ಈ ಮಾತನ್ನು ತಮ್ಮ ಪ್ರಚಾರಕ್ಕೆ ವೈದ್ಯರ ಒಪ್ಪಿಗೆ ಎಂದು ತಿಳಿದರು. ವಾಚನಾಲಯದಲ್ಲಿ ಅವರ ಭಾಷಣ ಏರ್ಪಾಟಾಯಿತು. ಸೀರೆ ವ್ಯಾಪಾರಿಗಳು, ಗಣಿಯ ಮಾಲಕರು, ವಕೀಲರು ಬಂದಿದ್ದರು. ಬಂದವರಲ್ಲಿ ಬಹಳ ಜನಕ್ಕೆ ಅದೇ ಬ್ಯಾನಿ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ. ತೆಳ್ಳಗಾದ ರಾಚಯ್ಯನವರು ವೇದಿಕೆಯ ಮೇಲೆ ತಮ್ಮ ಹಳೆಯ ಕೋಟಿನ ಸುತ್ತಳತೆ ತೋರಿಸಿದ್ದೇ ಸಾಕಾಯಿತು. ಮರುದಿನದಿಂದ ಜೀಪುಗಳು ಬಾಗಲಕೋಟೆಗೆ ಹೋಗಿ ಚೀಲ ತರತೊಡಗಿದವು. ಬೀದಿಯಲ್ಲಿ ಭೇಟಿಯಾದರೆ ಸಾಹುಕಾರರು ವ್ಯಾಪಾರದ ಮಾತು ಬಿಟ್ಟು, ನಿಮ್ಮ ಮನೆಯಲ್ಲಿ ನವಣೆ ಎಷ್ಟು ಚೀಲ ಎಂದು ಕೇಳಿಕೊಂಡರು. ಎರಡು ವರ್ಷದಲ್ಲಿ ದೇವಪ್ಪ ಇಳಕಲ್ಲಿನಲ್ಲೇ ಇನ್ನೊಂದು ಗೋದಾಮು ತೆರೆದ. ಟೇಪು ಕತ್ತರಿಸಿದವರು ರಾಚಯ್ಯನವರು. ಆ ಹೊತ್ತಿಗೆ ನವಣೆಯ ಧಾರಣೆ ಅಕ್ಕಿಯನ್ನು ದಾಟಿತ್ತು.

ಎಂಬತ್ನಾಲ್ಕರಲ್ಲಿ ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕೂತಿದ್ದರು. ಊರಾಚೆಯ ಕುರುಬರ ಹಟ್ಟಿಯಿಂದ ರಾಮವ್ವ ಬೆಣ್ಣೆ ಮಾರುತ್ತ ಬಂದಳು. ರಾಚಯ್ಯನವರಿಗೆ ಆಕೆಯನ್ನು ಹೊಗಳಬೇಕೆನಿಸಿತು.

"ರಾಮವ್ವಾ, ನಿಮ್ಮ ಮಂದಿ ಹುಟ್ಟಾ ನವಣಿ ಉಂಡವ್ರು. ಅದಕ್ಕ ಗಟ್ಟಿ ಇದ್ದೀರಿ. ಬಿಡಬ್ಯಾಡ್ರಿ ಅದನ್ನ."

"ಬಿಟ್ಟು ಭಾಳ ದಿನಾ ಆತ್ರಿ ಅಯ್ಯಾರ. ಅದೀಗ ನಮ್ಮ ಕೈಗೆ ಹತ್ತವಲ್ದು. ಸಾಹುಕಾರ್ರು ಜೀಪ್ ತಂದು ಒಯ್ತಾರ. ಬೆಳದದ್ದನ್ನೂ ನಾವು ಮಾರೇಬಿಡ್ತೇವಿ. ದಿನಾ ರೇಶನ್ ಅಕ್ಕಿ ಅನ್ನ."

ರಾಚಯ್ಯನವರು ಗಾಬರಿಯಾದರು. "ಅಕ್ಕಿ ಉಂಡ್ರ ಸಕ್ರಿ ಬ್ಯಾನಿ ಬರ್ತೈತಿ."

"ಬರ್ಲಿ ಬಿಡ್ರಿ," ಎಂದಳು ರಾಮವ್ವ, ಬೆಣ್ಣೆಯ ಗಡಿಗೆ ಇಳಿಸುತ್ತ. "ನಮ್ಮ ಹಟ್ಟಿಗೂ ಒಂದು ದೊಡ್ಡವರ ಬ್ಯಾನಿ ಬಂದಂಗ ಆಗ್ತೈತಿ."

ಒಳಗಿನಿಂದ ಸಿದ್ದಲಿಂಗವ್ವ ನಕ್ಕದ್ದು ಕೇಳಿಸಿತು. ಆಕೆ ಮೊರದ ತುಂಬ ನವಣೆ ತಂದು ರಾಮವ್ವನ ಸೆರಗಿಗೆ ಸುರಿದರು. ರಾಮವ್ವ ಒಂದು ಚಿಟಿಕೆ ಬಾಯಿಗೆ ಹಾಕಿ ಕಡಿದು ನೋಡಿದಳು.

"ಹಳೇದೈತ್ರಿ ಯವ್ವಾ. ಇರ್ಲಿ, ಕೋಳಿಗೆ ಹಾಕ್ತೇನಿ."

ಸೆರಗು ಗಂಟು ಹಾಕಿಕೊಂಡು, ಗಡಿಗೆ ತಲೆಯ ಮೇಲಿಟ್ಟು ಆಕೆ ಹೊರಟಳು. ರಾಚಯ್ಯನವರು ಎದ್ದು ಕಟ್ಟೆಯ ತುದಿಗೆ ಬಂದು, ನವಣೆಯನ್ನು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರು ಹಿಡಿಯುತ್ತದೆ ಎಂದು ಆಕೆ ಓಣಿಯ ತಿರುವು ದಾಟುವವರೆಗೂ ಕೂಗಿ ಹೇಳುತ್ತಲೇ ಇದ್ದರು.